ಅಮೆರಿಕದ ‘ಶಾರ್ಟ್ ಸೇಲ್’ ಮನೆ: ಕೊಳ್ಳತಕ್ಕವರು ತಿಳಿದಿರಬೇಕಾದುದು

ಕಳೆದ ವಾರ ನಮ್ಮ ಹಳೆಯ ಚಂದಾದಾರರಾದ ಒಬ್ಬ ನಿವೃತ್ತ ಉಪಾಧ್ಯಾಯರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಮುಖದಲ್ಲಿ ಅರ್ಧ ಸಂತೋಷ, ಅರ್ಧ ಕಳವಳ. ಅವರ ಮಗನು ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾನೆ. ಏಳು ವರ್ಷ ಬಾಡಿಗೆಯ ಮನೆಯಲ್ಲಿ ಕಳೆದು ಈಗ ಸ್ವಂತದ ಮನೆಯೊಂದನ್ನು ಕೊಳ್ಳಲು ಹೊರಟಿದ್ದಾನೆ. ನೆರೆಯ ಮನೆಗಳ ಕ್ರಯಕ್ಕಿಂತ ಎಷ್ಟೋ ಕಡಿಮೆಗೆ ಒಂದು ಮನೆ ಸಿಕ್ಕುವಂತಿದೆಯಂತೆ. ಅದರ ಜಾಹೀರಾತಿನಲ್ಲಿ ‘ಶಾರ್ಟ್ ಸೇಲ್’ ಎಂದು ಬರೆದಿದೆಯಂತೆ. “ಸ್ವಾಮಿ, ನನ್ನ ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಅವನಿಗೆ ಕಳುಹಿಸಬೇಕೆಂದಿದ್ದೇನೆ. ಶಾರ್ಟ್ ಎಂದ ಮೇಲೆ ಬೇಗ ಮುಗಿಯುವ ವ್ಯಾಪಾರವೇ ಇರಬೇಕಲ್ಲವೆ? ಈ ವಾರವೇ ಕಳುಹಿಸಿಬಿಡಲೆ?” ಎಂದು ಕೇಳಿದರು. ನಾವು ಅವರನ್ನು ಕುಳ್ಳಿರಿಸಿ, ಕಾಫಿ ತರಿಸಿ, ಹಣವನ್ನು ಸದ್ಯಕ್ಕೆ ಇದ್ದಲ್ಲಿಯೇ ಇರಗೊಡಬೇಕೆಂದು ಬಿನ್ನವಿಸಿದೆವು. ಅವರಿಗೆ ಹೇಳಿದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ. ಏಕೆಂದರೆ ಅವರಂಥ ತಂದೆತಾಯಿಗಳು ನಮ್ಮ ವಾಚಕರಲ್ಲಿ ಅನೇಕರುಂಟು.

ಮೊದಲನೆಯದಾಗಿ ಹೆಸರಿನ ಭ್ರಾಂತಿಯನ್ನು ನಿವಾರಿಸಬೇಕು. ಇಲ್ಲಿ ‘ಶಾರ್ಟ್’ ಎಂಬ ಮಾತಿಗೆ ಕಾಲದ ಸಂಬಂಧವೇ ಇಲ್ಲ. ಮನೆಯನ್ನು ಮಾರಿ ಬಂದ ಹಣವು ಆ ಮನೆಯ ಮೇಲಿರುವ ಸಾಲಕ್ಕೆ ಸಾಲದೆ ಕಮ್ಮಿ ಬೀಳುತ್ತದೆ. ಆ ಕಮ್ಮಿಗೇ ಆ ಹೆಸರು. ಸಾಲ ಕೊಟ್ಟ ಬ್ಯಾಂಕು ಪೂರ್ತಿ ಬಾಕಿಯನ್ನು ಪಡೆಯದೆಯೇ, ಬಂದಷ್ಟನ್ನು ತೆಗೆದುಕೊಂಡು, ಮನೆಯನ್ನು ಅಡವಿನಿಂದ ಬಿಡಿಸಿಕೊಡಲು ಒಪ್ಪಿದರೆ ಅದು ಶಾರ್ಟ್ ಸೇಲ್. ಒಪ್ಪದಿದ್ದರೆ ಮಾರಾಟವೇ ಇಲ್ಲ. ಕಾಲದ ದೃಷ್ಟಿಯಿಂದ ನೋಡಿದರಂತೂ ಅಮೆರಿಕದಲ್ಲಿ ನಡೆಯುವ ಮನೆಯ ವ್ಯಾಪಾರಗಳಲ್ಲಿ ಇದರಷ್ಟು ದೀರ್ಘವಾದದ್ದು ವಿರಳ.

ನಮ್ಮಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುವ ಬ್ಯಾಂಕಿನ ಹರಾಜು ಪ್ರಕಟಣೆಗಳಿಗೂ ಇದಕ್ಕೂ ವ್ಯತ್ಯಾಸವುಂಟು. ೨೦೦೨ರ ಸರ್ಫೇಸಿ ಕಾನೂನಿನ ಪ್ರಕಾರ ನಡೆಯುವ ಹರಾಜಿನಲ್ಲಿ ಬ್ಯಾಂಕೇ ಮಾರುತ್ತದೆ. ಮನೆಯ ಯಜಮಾನನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿಯೂ ಅಂಥ ಜಪ್ತಿ ಹರಾಜು ಬೇರೆಯಾಗಿ ಇದ್ದೇ ಇದೆ. ಶಾರ್ಟ್ ಸೇಲಿನಲ್ಲಾದರೋ ಮನೆ ಇನ್ನೂ ಯಜಮಾನನದೇ. ಅನೇಕ ವೇಳೆ ಅವನು ಹೆಂಡತಿ ಮಕ್ಕಳೊಂದಿಗೆ ಅದರಲ್ಲಿ ವಾಸವಾಗಿಯೇ ಇರುತ್ತಾನೆ. ಕ್ರಯಪತ್ರಕ್ಕೆ ರುಜು ಮಾಡುವವನೂ ಅವನೇ. ಆದರೆ ಬೆಲೆಯನ್ನು ನಿಶ್ಚಯಿಸುವ ಅಧಿಕಾರ ಮಾತ್ರ ಅವನ ಕೈಯಲ್ಲಿಲ್ಲ. ಕೊಳ್ಳುವವನು ಮಾತನಾಡುವುದು ಒಬ್ಬನ ಸಂಗಡ, ಉತ್ತರ ಬರಬೇಕಾದುದು ಇನ್ನೊಬ್ಬನಿಂದ. ಈ ವ್ಯಾಪಾರದ ಸಮಸ್ತ ತೊಡಕುಗಳೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಒಂದು ಲೆಕ್ಕವನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ಮನೆಯ ಮೇಲೆ ಮೊದಲನೆಯ ಸಾಲದ ಬಾಕಿ ೪,೨೦,೦೦೦ ಡಾಲರು. ಮನೆಯನ್ನೇ ಆಧಾರವಾಗಿಟ್ಟು ತೆಗೆದ ಎರಡನೆಯ ಸಾಲ ೬೦,೦೦೦ ಡಾಲರು. ಕೊಳ್ಳುವವನು ೩,೯೦,೦೦೦ ಡಾಲರಿಗೆ ಕೇಳಿದ್ದಾನೆ. ಇದರಲ್ಲಿ ದಲ್ಲಾಳಿಗಳ ಕಮಿಷನ್, ತೆರಿಗೆಯ ಬಾಕಿ, ಕಾಗದಪತ್ರಗಳ ಖರ್ಚು ಇತ್ಯಾದಿ ೨೭,೦೦೦ ಕಳೆದರೆ ಉಳಿಯುವುದು ೩,೬೩,೦೦೦. ಎರಡನೆಯ ಸಾಲದವನನ್ನು ಸಮಾಧಾನಪಡಿಸಲು ೬,೦೦೦ ಕೊಟ್ಟರೆ ಮೊದಲನೆಯವನಿಗೆ ದಕ್ಕುವುದು ೩,೫೭,೦೦೦. ಅವನಿಗೆ ೬೩,೦೦೦ ನಷ್ಟ, ಇವನಿಗೆ ೫೪,೦೦೦ ನಷ್ಟ. ಮಾರುವವನ ಕೈಗೆ ಸಾಮಾನ್ಯವಾಗಿ ಒಂದು ಕಾಸೂ ಬರುವುದಿಲ್ಲ. ಹೀಗಿರಲು ಬ್ಯಾಂಕು ಏಕೆ ಒಪ್ಪುತ್ತದೆ? ಜಪ್ತಿ ಮಾಡಿ, ಮನೆಯನ್ನು ಖಾಲಿ ಬಿಟ್ಟು, ಕಾವಲು ತೆರಿಗೆಗಳ ಖರ್ಚನ್ನು ಹೊತ್ತು, ಕೊನೆಗೆ ತಾನೇ ಮಾರಿದರೆ ಅದಕ್ಕಿಂತಲೂ ಕಡಿಮೆ ದಕ್ಕೀತೆಂಬ ಲೆಕ್ಕಾಚಾರದಿಂದ ಒಪ್ಪುತ್ತದೆಯೇ ಹೊರತು ಯಾರ ಮೇಲಿನ ದಯೆಯಿಂದಲೂ ಅಲ್ಲ. ಈ ಲೆಕ್ಕಾಚಾರ ಮುಗಿಯುವವರೆಗೆ ಕೊಳ್ಳುವವನು ಕಾದಿರಬೇಕು.

ಈ ಪದ್ಧತಿಯು ಮನೆಮಾತಾದುದು ೨೦೦೬ರಲ್ಲಿ ಅಮೆರಿಕದ ಮನೆಗಳ ಬೆಲೆ ಶಿಖರವನ್ನು ಮುಟ್ಟಿ ಕೆಳಗಿಳಿಯತೊಡಗಿದ ಮೇಲೆ. ೨೦೧೨ರ ಹೊತ್ತಿಗೆ ದೇಶದ ಸರಾಸರಿ ಬೆಲೆಯು ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಇಳಿದಿತ್ತು; ಲಾಸ್ ವೇಗಸ್ ನಗರದಲ್ಲಂತೂ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು. ೨೦೦೯ರ ಕೊನೆಯಲ್ಲಿ ಸುಮಾರು ೧.೧ ಕೋಟಿ ಮನೆಗಳ ಮೇಲಿನ ಸಾಲವು ಆ ಮನೆಗಳ ಬೆಲೆಯನ್ನೇ ಮೀರಿತ್ತು; ಎಂದರೆ ಸಾಲವಿದ್ದ ಮನೆಗಳಲ್ಲಿ ಹೆಚ್ಚುಕಡಮೆ ನಾಲ್ಕಕ್ಕೆ ಒಂದು. ಇಂಥವುಗಳನ್ನು ಅಲ್ಲಿಯ ಜನರು ನೀರಿನಲ್ಲಿ ಮುಳುಗಿದ ಮನೆಗಳೆಂದು ಕರೆಯುತ್ತಾರೆ. ಉದ್ಯೋಗ ಹೋದವನು ಕಂತು ಕಟ್ಟಲಾರ. ಮಾರೋಣವೆಂದರೆ ಸಾಲ ತೀರುವಷ್ಟು ಬೆಲೆ ಬಾರದು. ಆಗ ಶಾರ್ಟ್ ಸೇಲುಗಳು ಲಕ್ಷಗಟ್ಟಲೆ ನಡೆದವು. ಸರ್ಕಾರವೂ ೨೦೧೦ರ ಏಪ್ರಿಲಿನಲ್ಲಿ ಇದಕ್ಕೆಂದೇ ಹಾಫಾ ಎಂಬ ಯೋಜನೆಯನ್ನು ಆರಂಭಿಸಿ, ಮನೆ ಬಿಡುವ ಕುಟುಂಬಕ್ಕೆ ಸಾಗಾಣಿಕೆಯ ಖರ್ಚಿಗೆಂದು ಆದಿಯಲ್ಲಿ ೩,೦೦೦ ಡಾಲರುಗಳನ್ನು ಕೊಡುವ ಏರ್ಪಾಡು ಮಾಡಿತ್ತು. ೨೦೧೬ರ ಡಿಸೆಂಬರಿನೊಂದಿಗೆ ಆ ಯೋಜನೆ ಮುಕ್ತಾಯವಾಯಿತು. ಬೆಲೆಗಳು ಮತ್ತೆ ಏರಿದ ಮೇಲೆ ಇಂಥ ಮಾರಾಟಗಳು ವಿರಳವಾದುವಾದರೂ ನಿಂತುಹೋಗಿಲ್ಲ. ವಿರಳವಾದುದರಿಂದಲೇ ಒಂದು ಹೊಸ ಅಪಾಯವೂ ಹುಟ್ಟಿದೆ: ಇದರ ಒಳಹೊರಗುಗಳನ್ನು ಬಲ್ಲ ದಲ್ಲಾಳಿಗಳು ಈಗ ಕಡಿಮೆ. ತಮ್ಮ ಪರವಾಗಿ ನಿಲ್ಲುವ ದಲ್ಲಾಳಿಯು ಎಷ್ಟು ಶಾರ್ಟ್ ಸೇಲುಗಳನ್ನು ಕಡೆಮುಟ್ಟಿಸಿದ್ದಾನೆಂದು ನಮ್ಮ ಹುಡುಗರು ಸಂಕೋಚವಿಲ್ಲದೆ ಕೇಳಬೇಕು.

ಇನ್ನು ಕಾರ್ಯಕ್ರಮವು ನಡೆಯುವ ಬಗೆ. ಜಾಹೀರಾತಿನಲ್ಲಿ ಕಾಣುವ ಬೆಲೆಯನ್ನು ಯಾರೂ ನಂಬತಕ್ಕದ್ದಲ್ಲ. ಅನೇಕ ವೇಳೆ ಅದು ಬ್ಯಾಂಕು ಒಪ್ಪಿದ ಬೆಲೆಯಲ್ಲ. ಗಿರಾಕಿಗಳನ್ನು ಸೆಳೆಯಲು ಮಾರುವವನ ದಲ್ಲಾಳಿ ಬರೆದ ಅಂಕಿ. ಕೊಳ್ಳುವವನು ತನ್ನ ಬೆಲೆಯನ್ನು ಬರಹದಲ್ಲಿ ಸೂಚಿಸುತ್ತಾನೆ. ಯಜಮಾನನು ಅದಕ್ಕೆ ರುಜು ಹಾಕುತ್ತಾನೆ. ಸಾಧಾರಣ ವ್ಯಾಪಾರದಲ್ಲಿ ಇಷ್ಟಕ್ಕೆ ಕರಾರು ಗಟ್ಟಿಯಾದಂತೆ. ಇಲ್ಲಿ ಇದು ಆರಂಭ ಮಾತ್ರ. ಆ ಕರಾರಿನೊಂದಿಗೆ ಯಜಮಾನನ ಸಂಬಳದ ಚೀಟಿಗಳು, ಬ್ಯಾಂಕಿನ ಲೆಕ್ಕಗಳು, ತೆರಿಗೆಯ ಪತ್ರಗಳು, ಇವೆಲ್ಲಕ್ಕೂ ಮಿಗಿಲಾಗಿ ತನಗೆ ಕಂತು ಕಟ್ಟಲು ಏಕೆ ಸಾಧ್ಯವಿಲ್ಲವೆಂದು ಅವನೇ ಬರೆದ ಕಷ್ಟನಿವೇದನೆಯ ಕಾಗದ, ಇಷ್ಟೂ ಬ್ಯಾಂಕಿಗೆ ಹೋಗಬೇಕು. ಉದ್ಯೋಗ ಹೋದುದು, ಕಾಯಿಲೆ, ವಿವಾಹ ವಿಚ್ಛೇದ, ಮನೆಯ ದುಡಿಯುವವನ ಮರಣ, ಹೀಗೆ ಸಂಸಾರದ ಗುಟ್ಟೆಲ್ಲವನ್ನೂ ಬಿಚ್ಚಿ ಬರೆಯಬೇಕು. ಒಂದು ಕಾಗದ ಕಡಿಮೆಯಾದರೆ ಕಡತ ಹಿಂದಕ್ಕೆ ಬರುತ್ತದೆ. ತಡವಾಗಿ ಹಳತಾದರೆ ಹೊಸ ಕಾಗದ ಕೇಳುತ್ತಾರೆ. ಕಚೇರಿಯ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ!

ಆಮೇಲೆ ಬ್ಯಾಂಕು ತನ್ನ ಕಡೆಯಿಂದ ಒಬ್ಬ ದಲ್ಲಾಳಿಯನ್ನೋ ಬೆಲೆಗಾರನನ್ನೋ ಕಳುಹಿಸಿ ಮನೆಯ ಬೆಲೆಯನ್ನು ಅಂದಾಜು ಮಾಡಿಸುತ್ತದೆ. ಅವನು ೪,೧೫,೦೦೦ ಎಂದು ಬರೆದರೆ, ೩,೯೦,೦೦೦ ಕೇಳಿದವನಿಗೆ ಬೆಲೆಯನ್ನು ಏರಿಸಬೇಕೆಂಬ ಉತ್ತರ ಬರುತ್ತದೆ. ಏರಿಸುವುದೋ ಬಿಡುವುದೋ ಅವನ ಇಷ್ಟ. ಎರಡೂವರೆ ತಿಂಗಳು ಕಾದವನಿಗೆ ಬಿಡಲು ಮನಸ್ಸಾಗುವುದಿಲ್ಲ. ಈ ದೌರ್ಬಲ್ಯವನ್ನು ಮೊದಲೇ ಬಲ್ಲವನಾಗಿ, ತಾನು ಕೊಡಬಲ್ಲ ಕಟ್ಟಕಡೆಯ ಅಂಕಿಯನ್ನು ಆರಂಭದ ದಿನವೇ ಬರೆದಿಟ್ಟುಕೊಳ್ಳುವುದು ಲೇಸು.

ಇಷ್ಟು ತಡವೇಕೆಂದು ವಾಚಕರು ಕೇಳಬಹುದು. ಕಂತು ವಸೂಲು ಮಾಡುವ ಬ್ಯಾಂಕು ಅನೇಕ ವೇಳೆ ಸಾಲದ ಒಡೆಯನೇ ಅಲ್ಲ. ಸಾಲವನ್ನು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಸಂಸ್ಥೆಗಳಿಗೋ, ಸಾಲಗಳನ್ನು ರಾಶಿಹಾಕಿ ಪಾಲು ಮಾರಿದ ಹೂಡಿಕೆದಾರರಿಗೋ ಎಂದೋ ಮಾರಿರುತ್ತಾರೆ. ಬ್ಯಾಂಕು ಅವರ ಗುಮಾಸ್ತ ಮಾತ್ರ. ಸಾಲಕ್ಕೆ ವಿಮೆಯಿದ್ದರೆ ವಿಮೆಯ ಕಂಪನಿಯೂ ಒಪ್ಪಬೇಕು. ಹೀಗೆ ಒಂದು ಕಡತವು ಮೂರು ನಾಲ್ಕು ಮೇಜುಗಳನ್ನು ದಾಟಬೇಕು. ಈ ವಿಳಂಬದ ವಿರುದ್ಧ ಎದ್ದ ಕೂಗಿನಿಂದಾಗಿ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಸಾಲಗಳಿಗೆ ೨೦೧೨ರ ಜೂನಿನಿಂದ ಒಂದು ಕಟ್ಟಳೆ ಬಂದಿತು: ೩೦ ದಿನಗಳಲ್ಲಿ ಉತ್ತರ, ೬೦ ದಿನಗಳಲ್ಲಿ ಅಂತಿಮ ತೀರ್ಮಾನ. ಆದರೆ ಕಾಗದಪತ್ರಗಳೆಲ್ಲ ಪೂರ್ತಿಯಾಗಿ ಸೇರಿದ ಮೇಲೆ ಈ ಗಡುವು ಎಂಬುದನ್ನು ಮರೆಯಬಾರದು. ಒಟ್ಟಿನಲ್ಲಿ ಎರಡರಿಂದ ನಾಲ್ಕು ತಿಂಗಳೆಂದು ಎಣಿಸಿದರೆ ನಿರಾಶೆ ಕಡಿಮೆ. ಅದಕ್ಕೂ ಮೀರಿ ಎಳೆದುಹೋದವೂ ಉಂಟು. ಎಳೆದೆಳೆದು ಮುರಿದುಹೋದವೂ ಉಂಟು.

ಕಾಯುವುದಕ್ಕೂ ಒಂದು ಬೆಲೆಯುಂಟು. ಕೊಳ್ಳುವವನಿಗೆ ಸಾಲ ಕೊಡುವ ಬ್ಯಾಂಕು ಬಡ್ಡಿಯ ದರವನ್ನು ೩೦, ೪೫ ಅಥವಾ ೬೦ ದಿನಗಳವರೆಗೆ ಸ್ಥಿರವಾಗಿಟ್ಟುಕೊಡುವುದು ರೂಢಿ. ಅಷ್ಟರೊಳಗೆ ಒಪ್ಪಿಗೆ ಬಾರದಿದ್ದರೆ ಆ ದಿನದ ದರವೇ ಗತಿ; ಅವಧಿಯನ್ನು ಬೆಳಸಬೇಕಾದರೆ ಶುಲ್ಕ. ಆದುದರಿಂದ ಮಾರುವ ಬ್ಯಾಂಕಿನ ಲಿಖಿತ ಒಪ್ಪಿಗೆ ಬರುವ ಮುನ್ನ ದರವನ್ನು ಕಟ್ಟಿಸಿಡುವ ಆತುರ ಬೇಡ. ಈಗಿರುವ ಬಾಡಿಗೆಯ ಮನೆಗೆ ನೋಟೀಸು ಕೊಡಕೂಡದು. ಮಕ್ಕಳ ಶಾಲೆಯನ್ನು ಬದಲಾಯಿಸಕೂಡದು. ಮುಂಗಡದ ಹಣವನ್ನು ಯಜಮಾನನ ಕೈಗೆ ಎಂದಿಗೂ ಕೊಡಕೂಡದು. ಅಲ್ಲಿ ಎಸ್ಕ್ರೋ ಎಂಬ ಮಧ್ಯಸ್ಥ ಸಂಸ್ಥೆಯಿದೆ, ಅಲ್ಲಿಯೇ ಇಡಬೇಕು. ಮುಂಗಡವನ್ನು ಕಟ್ಟುವ ಗಡುವೂ ಮನೆಯನ್ನು ಪರೀಕ್ಷಿಸುವ ಗಡುವೂ ಬ್ಯಾಂಕಿನ ಒಪ್ಪಿಗೆ ಬಂದ ದಿನದಿಂದ ಆರಂಭವಾಗತಕ್ಕದ್ದೆಂದೂ, ಇಂಥ ತಾರೀಖಿನೊಳಗೆ ಒಪ್ಪಿಗೆ ಬಾರದಿದ್ದರೆ ಕರಾರನ್ನು ಬಿಟ್ಟು ಹಣವನ್ನು ಹಿಂದಕ್ಕೆ ಪಡೆಯಬಹುದೆಂದೂ ಕರಾರಿನ ಅನುಬಂಧದಲ್ಲಿ ಬರೆಸಿಕೊಳ್ಳಬಹುದು. ಬರೆಸಿಕೊಳ್ಳದೆ ಪರಿತಪಿಸುವುದು ವ್ಯರ್ಥ. ತಾನು ಕಾಯುತ್ತಿರುವಾಗ ಯಜಮಾನನು ಬೇರೆ ಗಿರಾಕಿಯ ಹೆಚ್ಚಿನ ಬೆಲೆಯನ್ನು ಬ್ಯಾಂಕಿಗೆ ಒಪ್ಪಿಸಬಹುದೇ ಎಂಬುದೂ ಅದೇ ಅನುಬಂಧದಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆ.

ಇನ್ನೊಂದು ವಿಚಿತ್ರವುಂಟು. ಬ್ಯಾಂಕಿನ ಒಂದು ಕೊಠಡಿಯಲ್ಲಿ ಶಾರ್ಟ್ ಸೇಲಿನ ಕಡತ ಓದುತ್ತಿರುವಾಗಲೇ ಇನ್ನೊಂದು ಕೊಠಡಿಯಲ್ಲಿ ಅದೇ ಮನೆಯನ್ನು ಜಪ್ತಿ ಮಾಡಿ ಹರಾಜಿಗಿಡುವ ಕಡತವೂ ಸಾಗುತ್ತಿರಬಹುದು. ಒಂದು ಬೆಳಿಗ್ಗೆ ಮನೆ ಹರಾಜಾಗಿಹೋಯಿತೆಂಬ ಸುದ್ದಿ ಬಂದು, ತಿಂಗಳುಗಟ್ಟಲೆ ಕಾದವರು ಬರಿಗೈಯಾದ ಪ್ರಸಂಗಗಳು ೨೦೦೮ರ ಅನಂತರದ ವರ್ಷಗಳಲ್ಲಿ ಬಹಳ ನಡೆದವು. ಇದನ್ನು ತಡೆಯಲು ಕ್ಯಾಲಿಫೋರ್ನಿಯಾದಲ್ಲಿ ೨೦೧೩ರ ಜನವರಿಯಿಂದ ಒಂದು ಕಾನೂನೂ, ೨೦೧೪ರ ಜನವರಿಯಿಂದ ಇಡೀ ದೇಶಕ್ಕೆ ಅನ್ವಯಿಸುವ ನಿಯಮವೂ ಜಾರಿಗೆ ಬಂದವು. ಸಾಲಗಾರನ ಅರ್ಜಿಯು ಹರಾಜಿಗೆ ೩೭ ದಿನಗಳಿಗಿಂತ ಮುಂಚೆ ಪೂರ್ತಿಯಾಗಿ ಸೇರಿದ್ದರೆ, ಅದನ್ನು ಪರಿಶೀಲಿಸಿ ಮುಗಿಸದೆ ಹರಾಜು ನಡೆಸಕೂಡದೆಂಬುದು ದೇಶದ ನಿಯಮದ ಸಾರ. ಆದ್ದರಿಂದ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇವೂ ಸೇರಿವೆ: ಹರಾಜಿನ ತಾರೀಖು ಗೊತ್ತಾಗಿದೆಯೇ? ಅರ್ಜಿ ಪೂರ್ತಿಯಾಗಿ ಸೇರಿತೆಂದು ಬ್ಯಾಂಕು ಕಾಗದ ಕೊಟ್ಟಿದೆಯೇ?

ಎರಡನೆಯ ಸಾಲಗಾರನ ವಿಷಯವನ್ನು ಮೇಲೆ ಸೂಚಿಸಿದೆವು. ವ್ಯಾಪಾರಗಳು ಮುರಿಯುವುದು ಅನೇಕ ವೇಳೆ ಇವನ ಕೈಯಲ್ಲಿ. ಮೊದಲನೆಯ ಬ್ಯಾಂಕು ಎಷ್ಟೇ ಉದಾರವಾಗಿದ್ದರೂ, ಎರಡನೆಯವನು ತನ್ನ ಹಕ್ಕನ್ನು ಬಿಟ್ಟುಕೊಡದೆ ಮನೆ ಋಣಮುಕ್ತವಾಗುವುದಿಲ್ಲ. ಹರಾಜಾದರೆ ತನಗೆ ಏನೂ ದಕ್ಕದೆಂಬುದನ್ನು ಅವನು ಬಲ್ಲ. ತನ್ನ ರುಜುವಿಲ್ಲದೆ ಮಾರಾಟವಾಗದೆಂಬುದನ್ನೂ ಬಲ್ಲ. ನಮ್ಮ ಕಡೆ ಜಮೀನಿನ ಪಾಲುಪಟ್ಟಿಯಲ್ಲಿ ಕಾಲು ಗುಂಟೆಯ ಹಕ್ಕುಳ್ಳ ದಾಯಾದಿ ಉಪನೋಂದಣಿ ಕಚೇರಿಯ ಬಾಗಿಲಲ್ಲಿ ಮುನಿಸಿಕೊಂಡು ನಿಲ್ಲುವಂತೆ ಇವನೂ ನಿಲ್ಲುತ್ತಾನೆ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ೨೦೧೨ರ ನವೆಂಬರಿನಿಂದ ಜಾರಿಗೆ ಬಂದ ನಿಯಮದಲ್ಲಿ ಇಂಥವರಿಗೆ ಕೊಡತಕ್ಕ ಮೊತ್ತವನ್ನು ೬,೦೦೦ ಡಾಲರಿಗೆ ಮಿತಿಗೊಳಿಸಿದವು. ಇವನಲ್ಲದೆ, ತೆರಿಗೆಯ ಇಲಾಖೆಯ ಬಾಕಿ, ಬಡಾವಣೆಯ ಮನೆಯೊಡೆಯರ ಸಂಘದ ವಂತಿಗೆ, ಕೂಲಿ ಸಿಕ್ಕದ ಗುತ್ತಿಗೆದಾರನ ದಾವೆ, ಇವುಗಳೂ ಮನೆಯ ಮೇಲೆ ಕುಳಿತಿರುವುದುಂಟು. ಕೊಳ್ಳುವ ಮನಸ್ಸಾದ ದಿನವೇ ಹಕ್ಕುಪತ್ರಗಳ ಪ್ರಾಥಮಿಕ ವರದಿಯನ್ನು ತರಿಸಿ, ಎಷ್ಟು ಮಂದಿ ಹಕ್ಕುದಾರರಿದ್ದಾರೆಂದು ಎಣಿಸಿ ನೋಡಬೇಕು. ಒಬ್ಬನೇ ಇದ್ದರೆ ಆಸೆಯಿಡಬಹುದು. ಮೂವರಿದ್ದರೆ ಬೇರೆ ಮನೆಯನ್ನೂ ನೋಡುತ್ತಿರುವುದು ಜಾಣತನ. ಕೊನೆಗೆ ಹಕ್ಕಿನ ವಿಮೆಯನ್ನು ಮಾಡಿಸದೆ ಹಣ ಪಾವತಿ ಮಾಡತಕ್ಕದ್ದಲ್ಲ.

ಮನೆಯ ಸ್ಥಿತಿಯ ವಿಷಯದಲ್ಲಿಯೂ ಭ್ರಮೆ ಇರಬಾರದು. ಇಂಥ ಮನೆಗಳು ‘ಇದ್ದುದು ಇದ್ದಂತೆ’ ಮಾರಾಟವಾಗುತ್ತವೆ. ಕಂತು ಕಟ್ಟಲಾಗದವನು ಸೋರುವ ಮಾಡನ್ನು ಹೇಗೆ ರಿಪೇರಿ ಮಾಡಿಸಿಯಾನು? ಬ್ಯಾಂಕಂತೂ ಈಗಾಗಲೇ ನಷ್ಟದಲ್ಲಿರುವೆನೆಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಆದುದರಿಂದ ನಾಲ್ಕಾರು ನೂರು ಡಾಲರು ಹೋದರೂ ಚಿಂತೆಯಿಲ್ಲವೆಂದು ಸ್ವತಂತ್ರ ಪರೀಕ್ಷಕನಿಂದ ಅಡಿಪಾಯ, ಮಾಡು, ಕೊಳಾಯಿ, ವಿದ್ಯುತ್ತು, ಗೆದ್ದಲು ಎಲ್ಲವನ್ನೂ ಪರೀಕ್ಷೆ ಮಾಡಿಸಬೇಕು. ಸರ್ಕಾರದ ಎಫ್‌.ಎಚ್‌.ಎ. ವಿಮೆಯುಳ್ಳ ಸಾಲದಿಂದ ಕೊಳ್ಳುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಮನೆಯು ವಾಸಕ್ಕೆ ಯೋಗ್ಯವೆಂಬ ಕನಿಷ್ಠ ನಿಯಮಗಳನ್ನು ಮುಟ್ಟದಿದ್ದರೆ ಆ ಸಾಲ ದೊರೆಯುವುದಿಲ್ಲ, ಮುಟ್ಟಿಸಲು ಖರ್ಚು ಮಾಡುವವರು ಯಾರೂ ಇಲ್ಲ. ಇಲ್ಲಿ ಒಂದು ಅನುಕೂಲವನ್ನೂ ಹೇಳದಿದ್ದರೆ ನಮ್ಮ ಲೇಖನ ಏಕಪಕ್ಷೀಯವಾದೀತು. ಹರಾಜಿನಲ್ಲಿ ಕೊಂಡವನು ಕಣ್ಣುಕಟ್ಟಿಕೊಂಡು ಕೊಂಡಂತೆ. ಅನೇಕ ವೇಳೆ ಒಳಕ್ಕೆ ಕಾಲಿಡಲೂ ಅವಕಾಶವಿಲ್ಲ. ಶಾರ್ಟ್ ಸೇಲಿನಲ್ಲಿ ಮನೆಯನ್ನು ಬಲ್ಲ ಯಜಮಾನನು ಎದುರಿಗಿದ್ದಾನೆ. ತನಗೆ ತಿಳಿದ ದೋಷಗಳನ್ನು ಬರೆದುಕೊಡುವ ಕರ್ತವ್ಯ ಕ್ಯಾಲಿಫೋರ್ನಿಯಾದ ಕಾನೂನಿನಂತೆ ಅವನ ಮೇಲುಂಟು. ೧೯೭೮ಕ್ಕೆ ಮುಂಚೆ ಕಟ್ಟಿದ ಮನೆಯಾದರೆ ಸೀಸ ಬೆರೆತ ಬಣ್ಣದ ವಿಷಯವನ್ನು ತಿಳಿಸಿ, ಪರೀಕ್ಷೆಗೆ ೧೦ ದಿನಗಳ ಅವಕಾಶ ಕೊಡಬೇಕೆಂಬುದು ಇಡೀ ದೇಶದ ಕಾನೂನು. ಅವನೊಂದಿಗೆ ಸೌಜನ್ಯದಿಂದ ಮಾತನಾಡಿದವನಿಗೆ, ಮಳೆಗಾಲದಲ್ಲಿ ಯಾವ ಮೂಲೆ ಒದ್ದೆಯಾಗುವುದೆಂಬುದೂ ತಿಳಿದೀತು.

ಕಟ್ಟಕಡೆಗೆ ಒಪ್ಪಿಗೆಯ ಪತ್ರ ಬಂದಿತೆಂದು ಇಟ್ಟುಕೊಳ್ಳಿರಿ. ಅದನ್ನು ಅಕ್ಷರಶಃ ಓದಬೇಕು. ಬ್ಯಾಂಕಿಗೆ ಇಷ್ಟು ಡಾಲರಿಗೆ ಕಡಿಮೆಯಾಗದಂತೆ ಸಲ್ಲತಕ್ಕದ್ದು, ಇಂಥ ತಾರೀಖಿನೊಳಗೆ ಮುಗಿಯತಕ್ಕದ್ದು, ಕೊಳ್ಳುವವನು ಬದಲಾಗತಕ್ಕದ್ದಲ್ಲ, ಕೊಳ್ಳುವವನಿಗೂ ಮಾರುವವನಿಗೂ ಬಂಧುತ್ವವಾಗಲಿ ಗುಟ್ಟಿನ ಒಪ್ಪಂದವಾಗಲಿ ಇಲ್ಲವೆಂದು ಎಲ್ಲರೂ ಪ್ರಮಾಣಪತ್ರಕ್ಕೆ ರುಜು ಮಾಡತಕ್ಕದ್ದು. ಕೊಂಡ ಮನೆಯನ್ನು ಕೆಲವು ಕಾಲದವರೆಗೆ ಮಾರಕೂಡದೆಂಬ ಷರತ್ತೂ ಇರುವುದುಂಟು. ತಿಂಗಳುಗಟ್ಟಲೆ ನಿದ್ರಿಸಿದ ಬ್ಯಾಂಕು ಈಗ ಥಟ್ಟನೆ ಎದ್ದು ಮೂರು ನಾಲ್ಕು ವಾರಗಳ ಗಡುವು ಕೊಡುತ್ತದೆ. ಕೊಳ್ಳುವವನ ಸಾಲದ ಕಾಗದಗಳು ಸಿದ್ಧವಾಗಿರದಿದ್ದರೆ ಅವಧಿ ತೀರಿ, ಪತ್ರ ಸತ್ತು, ಪುನಃ ಮೊದಲಿನಿಂದ ಆರಂಭ. ಕಾಯುವಾಗ ಆಲಸ್ಯ, ಮುಗಿಸುವಾಗ ಧಾವಂತ ಎಂಬುದು ಈ ವ್ಯಾಪಾರದ ಗತಿ.

ಮೋಸಗಾರರ ವಿಷಯವಾಗಿ ಎರಡು ಮಾತು. ಮನೆಯ ನಿಜವಾದ ಬೆಲೆಯನ್ನು ಬ್ಯಾಂಕಿನಿಂದ ಮರೆಮಾಚಿ, ಹೆಚ್ಚಿನ ಬೆಲೆ ಕೇಳಿದ ಗಿರಾಕಿಯನ್ನು ಬಚ್ಚಿಟ್ಟು, ತಮ್ಮ ಕೈಯಾಳಿನ ಹೆಸರಿನಲ್ಲಿ ಅಗ್ಗವಾಗಿ ಕೊಂಡು, ಅಂದೋ ಮರುದಿನವೋ ಆ ಗಿರಾಕಿಗೇ ಮಾರಿ ಲಾಭ ಹೊಡೆಯುವ ದಲ್ಲಾಳಿಗಳು ಅಲ್ಲಿ ಸಿಕ್ಕಿಬಿದ್ದಿದ್ದಾರೆ. ಯಜಮಾನನಿಗೆ ಅಥವಾ ಎರಡನೆಯ ಸಾಲಗಾರನಿಗೆ ಲೆಕ್ಕದ ಹೊರಗೆ ಏನಾದರೂ ಕೊಟ್ಟುಬಿಡಿ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಎದ್ದು ಬರತಕ್ಕದ್ದು. ಅಂತಿಮ ಲೆಕ್ಕಪತ್ರದಲ್ಲಿ ಕಾಣದ ಒಂದು ಡಾಲರೂ ಅಲ್ಲಿ ಅಪರಾಧವಾಗಬಹುದು. ಪರದೇಶದ ವೀಸಾದ ಮೇಲೆ ನಿಂತಿರುವ ನಮ್ಮ ಹುಡುಗರಿಗೆ ಇದು ಮನೆಯೊಂದರ ನಷ್ಟದಲ್ಲಿ ಮುಗಿಯುವ ಮಾತಲ್ಲ.

ಇನ್ನು ನಮ್ಮ ಉಪಾಧ್ಯಾಯರ ಹಣದ ಮಾತು. ಈ ದೇಶದಲ್ಲಿ ವಾಸವಾಗಿರುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ೨,೫೦,೦೦೦ ಡಾಲರುಗಳವರೆಗೆ ಹೊರಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಅವಕಾಶವುಂಟು; ಮಗನಿಗೆ ದಾನವಾಗಿ ಕೊಡುವುದೂ ಅದರಲ್ಲಿ ಸೇರುತ್ತದೆ. ಆದರೆ ವರ್ಷದಲ್ಲಿ ೧೦ ಲಕ್ಷ ರೂಪಾಯಿಗಳನ್ನು ಮೀರಿದ ಭಾಗದ ಮೇಲೆ ಬ್ಯಾಂಕು ತೆರಿಗೆಯನ್ನು ಮುಂಚಿತವಾಗಿ ವಸೂಲು ಮಾಡುತ್ತದೆ. ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳುವವರೆಗೆ ಆ ಹಣ ಕೈಗೆ ಎಟುಕುವುದಿಲ್ಲ. ಅಲ್ಲಿಯ ಬ್ಯಾಂಕು ಕೂಡ, ಇದು ಸಾಲವಲ್ಲ, ಹಿಂದಕ್ಕೆ ಕೊಡಬೇಕಾದುದಲ್ಲ ಎಂದು ತಂದೆಯ ರುಜುವುಳ್ಳ ದಾನಪತ್ರವನ್ನೂ ಹಣ ಬಂದ ಮೂಲದ ದಾಖಲೆಗಳನ್ನೂ ಕೇಳುತ್ತದೆ. ಇವುಗಳನ್ನು ಈಗಲೇ ಸಿದ್ಧಪಡಿಸಿಡಬಹುದು, ಸಿದ್ಧಪಡಿಸಲೇಬೇಕು. ಹಣವನ್ನು ಮಾತ್ರ ಒಪ್ಪಿಗೆಯ ಪತ್ರ ಬರುವವರೆಗೆ ಕಳುಹಿಸುವ ಅಗತ್ಯವಿಲ್ಲ. ವ್ಯಾಪಾರ ಮುರಿದರೆ, ಮುಪ್ಪಿಗೆಂದು ಬಡ್ಡಿಯ ಮೇಲಿಟ್ಟ ಹಣವನ್ನು ಒಡೆದು, ಡಾಲರಾಗಿ ಬದಲಾಯಿಸಿ, ಮತ್ತೆ ರೂಪಾಯಿಗೆ ತಿರುಗಿಸುವುದರಲ್ಲಿ ಎರಡೂ ಕಡೆಯಿಂದ ಸವೆಯುವುದು ತಂದೆಯ ಗಂಟು. ಅವರಿಗಿರುವುದು ಪಿಂಚಣಿ ಮತ್ತು ಈ ಗಂಟು, ಇಷ್ಟೇ ಎಂಬುದನ್ನು ನಾವು ಬಲ್ಲೆವಾದುದರಿಂದ ಈ ಒಂದು ಅಂಶವನ್ನು ಎರಡು ಸಾರಿ ಹೇಳಿದೆವು.

ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ಲಕೋಟೆಯ ಹಿಂಭಾಗದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡರು: ಎಷ್ಟು ಸಾಲಗಾರರು, ಹರಾಜಿನ ತಾರೀಖು, ಅರ್ಜಿ ಪೂರ್ತಿಯೇ, ದಲ್ಲಾಳಿಯ ಅನುಭವ, ಅನುಬಂಧದ ಒಕ್ಕಣೆ. ಬರೆದು ಮುಗಿಸಿ, ಕನ್ನಡಕವನ್ನು ತೆಗೆದಿಟ್ಟು, ನಾವು ನಿರೀಕ್ಷಿಸದಿದ್ದ ಪ್ರಶ್ನೆಯೊಂದನ್ನು ಕೇಳಿದರು: “ಆ ಮನೆಯಲ್ಲಿ ಈಗ ಇರುವವರು ಎಲ್ಲಿಗೆ ಹೋಗುತ್ತಾರೆ, ಸ್ವಾಮಿ?”

ಬಾಡಿಗೆಯ ಮನೆಗೆ ಹೋಗುತ್ತಾರೆ ಎಂದೆವು. ಅವರು ಈ ಮಾರ್ಗವನ್ನು ಆರಿಸಿಕೊಳ್ಳುವುದಕ್ಕೂ ಕಾರಣವುಂಟು. ಮನೆ ಜಪ್ತಿಯಾಗಿ ಹರಾಜಾದರೆ ಫ್ಯಾನಿ ಮೇ ನಿಯಮದಂತೆ ಸಾಮಾನ್ಯವಾಗಿ ಏಳು ವರ್ಷ ಮತ್ತೆ ಮನೆಯ ಸಾಲ ಹುಟ್ಟುವುದಿಲ್ಲ. ಶಾರ್ಟ್ ಸೇಲಾದರೆ ನಾಲ್ಕು ವರ್ಷ. ಕ್ಯಾಲಿಫೋರ್ನಿಯಾದಲ್ಲಿ ೨೦೧೧ರಲ್ಲಿ ಬಂದ ಕಾನೂನುಗಳಿಂದ, ಬ್ಯಾಂಕು ಒಮ್ಮೆ ಶಾರ್ಟ್ ಸೇಲಿಗೆ ಒಪ್ಪಿದ ಮೇಲೆ ಉಳಿದ ಬಾಕಿಗಾಗಿ ಆ ಕುಟುಂಬವನ್ನು ಬೆನ್ನಟ್ಟುವಂತಿಲ್ಲ. ಬೇರೆ ಹಲವು ರಾಜ್ಯಗಳಲ್ಲಿ, ಬಿಟ್ಟುಕೊಟ್ಟೆವೆಂದು ಬ್ಯಾಂಕು ಬರೆದುಕೊಡದಿದ್ದರೆ ಬೆನ್ನಟ್ಟಬಹುದು. ಹೀಗೆ, ತಿಂಗಳುಗಟ್ಟಲೆ ಕಾಯುವುದರಲ್ಲಿ ಕೊಳ್ಳುವವನು ಒಂಟಿಯಲ್ಲ. ಒಪ್ಪಿಗೆಯ ಪತ್ರದ ದಾರಿಯನ್ನು ಆ ಮನೆಯವರೂ ನೋಡುತ್ತಿರುತ್ತಾರೆ.

ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ಅವರನ್ನು ಇರಗೊಡಬಹುದೇ ಎಂದು ಕೇಳಿದರು. ಮಾರಾಟವಾದ ಮೇಲೆ ಹಳೆಯ ಯಜಮಾನನನ್ನು ಅದೇ ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೆ ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲವೆಂದೂ, ಆದರೆ ಪತ್ರದ ಗಡುವಿನೊಳಗೆ ಯಾವ ದಿನ ವ್ಯವಹಾರ ಮುಗಿಯಬೇಕೆಂಬುದನ್ನು ಎರಡೂ ಕಡೆಯವರು ಮಾತನಾಡಿ ಗೊತ್ತುಮಾಡಿಕೊಳ್ಳಬಹುದೆಂದೂ ತಿಳಿಸಿದೆವು. ಅವರು ಲಕೋಟೆಯನ್ನು ತಿರುಗಿಸಿ, ಪಟ್ಟಿಯ ಕೊನೆಯಲ್ಲಿ ಅದನ್ನೂ ಒಂದು ಪ್ರಶ್ನೆಯಾಗಿ ಬರೆದುಕೊಂಡು ಹೊರಟರು.